ತಾಳ, ಕಿವಿ ಮತ್ತು ಯಂತ್ರ

ಪ್ರತಿಯೊಂದು ಕಾಲವೂ ತನ್ನ ಹಬ್ಬಕ್ಕೆ ತಕ್ಕ ವಾದ್ಯವನ್ನು ತಾನೇ ಹುಡುಕಿಕೊಳ್ಳುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಯಾವುದಾದರೊಂದು ಹಳ್ಳಿಯಲ್ಲಿ ಊರಹಬ್ಬದ ದಿನ ನಿಂತು ಕಿವಿಗೊಟ್ಟರೆ ಈ ಮಾತಿನ ಸತ್ಯ ಮನದಟ್ಟಾಗುತ್ತದೆ. ತಲೆಯ ಮೇಲೆ ದೀಪ ಹೊತ್ತ ಹೆಣ್ಣುಮಕ್ಕಳ ಮುಂದೆ ತಮಟೆಯ ತಂಡ ಸಾಗುವ ಸಂಪ್ರದಾಯ ಇಲ್ಲಿ ಬಹು ಹಳೆಯದು. ಅದರ ಜೊತೆಗೆ ಒಂದು ಕಾಲಕ್ಕೆ ಮೈಕ್‌ಸೆಟ್ಟು ಬಂದಿತು. ತುತ್ತೂರಿಯ ಆಕಾರದ ಧ್ವನಿವರ್ಧಕವನ್ನು ತೆಂಗಿನ ಮರಕ್ಕೆ ಕಟ್ಟಿ, ಗ್ರಾಮಾಫೋನ್ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ಹಾಕಿ ಹಾಡು ಕೇಳಿಸುತ್ತಿದ್ದರು. ಬೆಳಿಗ್ಗೆ ಯಾವ ಹಾಡು, ಧಾರೆಯ ವೇಳೆಗೆ ಯಾವ ಹಾಡು, ಊಟದ ಹೊತ್ತಿಗೆ ಯಾವ ಹಾಡು ಎಂಬುದನ್ನು ಮೈಕ್‌ಸೆಟ್ಟಿನವನು ಬಲ್ಲವನಾಗಿದ್ದನು. ಈಗ ಅದೇ ಬೀದಿಯಲ್ಲಿ ಟ್ರಾಕ್ಟರಿನ ಮೇಲೆ ಧ್ವನಿಪೆಟ್ಟಿಗೆಗಳ ಗೋಡೆ ಕಟ್ಟಿ, ಅದರ ಹಿಂದೆ ಒಬ್ಬ ತರುಣ ನಿಂತಿರುತ್ತಾನೆ. ಅವನ ಮುಂದೆ ಒಂದು ಕಂಪ್ಯೂಟರು. ಅದರ ಪಕ್ಕದಲ್ಲಿ ಎರಡು ಚಕ್ರಗಳೂ ಹಲವು ಗುಂಡಿಗಳೂ ಇರುವ ಒಂದು ಚಪ್ಪಟೆಯಾದ ಪೆಟ್ಟಿಗೆ. ಜನ ಅವನನ್ನು ಡಿ.ಜೆ. ಎನ್ನುತ್ತಾರೆ, ಆ ಪೆಟ್ಟಿಗೆಯನ್ನು ಕಂಟ್ರೋಲರ್, ಅಂದರೆ ನಿಯಂತ್ರಕ, ಎನ್ನುತ್ತಾರೆ.

ಅವನನ್ನು ಕಂಡ ಅನೇಕ ಹುಡುಗ ಹುಡುಗಿಯರಿಗೆ ತಾವೂ ಈ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ಹುಟ್ಟುವುದು ಸಹಜ. ಆಸೆಯ ಬೆನ್ನಿಗೇ ಎದುರಾಗುವುದು ಹಣದ ಪ್ರಶ್ನೆ. ಕಂಟ್ರೋಲರುಗಳ ಬೆಲೆ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ಆರಂಭವಾಗಿ ಲಕ್ಷಗಳವರೆಗೆ ಏರುತ್ತದೆ. ಮಾವಿನ ಫಸಲಿನ ಹಣ ವರ್ಷಕ್ಕೊಮ್ಮೆ ಮಾತ್ರ ಕೈಸೇರುವ ಶ್ರೀನಿವಾಸಪುರದ ಮನೆಗಾಗಲಿ, ಟೊಮೆಟೊ ಬೆಲೆ ಇಂದು ಏರಿ ನಾಳೆ ಇಳಿಯುವುದನ್ನು ನೋಡುತ್ತ ಬದುಕುವ ಕೋಲಾರದ ಮನೆಗಾಗಲಿ ಹತ್ತು ಸಾವಿರವೆಂಬುದು ಸಣ್ಣ ಮೊತ್ತವಲ್ಲ. ತಪ್ಪು ಪೆಟ್ಟಿಗೆಯನ್ನು ಕೊಂಡರೆ ಹಣವೂ ಹೋಗುತ್ತದೆ, ಕಲಿಯುವ ಉತ್ಸಾಹವೂ ಬತ್ತುತ್ತದೆ. ಆದುದರಿಂದ ಕೊಳ್ಳುವ ಮುನ್ನ ಈ ಯಂತ್ರದ ಹುಟ್ಟು, ಕೆಲಸ, ಮಿತಿಗಳನ್ನು ತಿಳಿಯುವುದು ಜಾಣತನ.

ಡಿ.ಜೆ. ಎಂಬುದು ಡಿಸ್ಕ್ ಜಾಕಿ ಎಂಬ ಮಾತಿನ ಕಿರಿದು ರೂಪ. ಡಿಸ್ಕ್ ಎಂದರೆ ಹಾಡಿನ ತಟ್ಟೆ. ಜಾಕಿ ಎಂದರೆ ಕುದುರೆಯ ಸವಾರ. ರೇಡಿಯೊದಲ್ಲಿ ತಟ್ಟೆಗಳನ್ನು ಹಾಕಿ ನಡುನಡುವೆ ಮಾತನಾಡುವವರಿಗೆ ಈ ಹೆಸರು ಮೊದಲು ಬಂದಿತು. ಮುಂದೆ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ 1950ರ ದಶಕದಲ್ಲಿ ದೊಡ್ಡ ಧ್ವನಿಪೆಟ್ಟಿಗೆಗಳನ್ನು ಬೀದಿಗೆ ತಂದು ಬಡಜನರ ಕುಣಿತಕ್ಕೆ ಹಾಡು ಒದಗಿಸುವ ಪದ್ಧತಿ ಬೆಳೆಯಿತು. ಆ ದ್ವೀಪದಿಂದ ಅಮೆರಿಕಕ್ಕೆ ವಲಸೆ ಹೋದ ಕುಟುಂಬದ ಮಗನೊಬ್ಬ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ 1973ರ ಆಗಸ್ಟ್ 11ರಂದು ತನ್ನ ತಂಗಿ ಏರ್ಪಡಿಸಿದ ಕೂಟಕ್ಕೆ ಹಾಡು ಹಾಕಿದನು. ಕೂಲ್ ಹರ್ಕ್ ಎಂದು ಹೆಸರಾದ ಆತ, ಹಾಡಿನಲ್ಲಿ ತಾಳವಾದ್ಯ ಮಾತ್ರ ಮೊಳಗುವ ಭಾಗ ಬಂದಾಗ ಕುಣಿಯುವವರು ಹೆಚ್ಚು ಹುರುಪುಗೊಳ್ಳುವುದನ್ನು ಗಮನಿಸಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕೆಲವೇ ಕ್ಷಣಗಳ ತಾಳವನ್ನು ಬೇಕಾದಷ್ಟು ಹೊತ್ತು ಲಂಬಿಸುವ ಉಪಾಯವನ್ನು ಆತ ಕಂಡುಕೊಂಡನು. ತಟ್ಟೆ ಹಾಕುವವನು ಅಂದಿನಿಂದ ಒಬ್ಬ ವಾದಕನಾದನು.

ಈ ಕಲೆಗೆ ಒಗ್ಗುವ ಯಂತ್ರ ಜಪಾನಿನಲ್ಲಿ ತಯಾರಾಯಿತು. ಅದಕ್ಕೆ ಮೊದಲು ತಟ್ಟೆಯ ಪೀಠವನ್ನು ರಬ್ಬರಿನ ಪಟ್ಟಿ ಅಥವಾ ಉರುಳೆ ತಿರುಗಿಸುತ್ತಿತ್ತು. ಕೈಯಿಂದ ತಡೆದು ಬಿಟ್ಟರೆ ಅದು ಮತ್ತೆ ಸರಿಯಾದ ವೇಗಕ್ಕೆ ಬರಲು ತಡವಾಗುತ್ತಿತ್ತು. ಮೋಟಾರಿನ ಅಚ್ಚಿಗೇ ಪೀಠವನ್ನು ಕೂಡಿಸಿದ ನೇರಚಾಲನೆಯ ಯಂತ್ರ ಆ ಕೊರತೆಯನ್ನು ನೀಗಿಸಿತು. ಮಟ್ಸುಶಿಟಾ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಯಂತ್ರ ಮುಂದಿನ ಹಲವು ದಶಕಗಳ ಕಾಲ ಡಿ.ಜೆ.ಗಳ ಅಚ್ಚುಮೆಚ್ಚಿನ ವಾದ್ಯವಾಯಿತು. ಅಂಥ ಎರಡು ಯಂತ್ರಗಳು, ಅವೆರಡರ ಧ್ವನಿಯನ್ನು ಬೆರೆಸುವ ಒಂದು ಮಿಕ್ಸರ್, ಗಾಡಿ ತುಂಬುವಷ್ಟು ತಟ್ಟೆಗಳು: ಇಷ್ಟು ಇಲ್ಲದೆ ಈ ವಿದ್ಯೆ ಸಾಗುತ್ತಿರಲಿಲ್ಲ. ಸಾಮಾನ್ಯ ಸಂಸಾರದ ಮಕ್ಕಳಿಗೆ ಅದು ದೂರದ ಬೆಟ್ಟವೇ ಆಗಿತ್ತು.

ಈ ದೂರವನ್ನು ಕಡಿಮೆ ಮಾಡಿದುದು ಸಂಖ್ಯೆಯ ಶಕ್ತಿ. 1983ರಲ್ಲಿ ವಿದ್ಯುನ್ಮಾನ ವಾದ್ಯಗಳನ್ನು ತಯಾರಿಸುವ ಕಂಪನಿಗಳು ಒಂದು ಸಾಮಾನ್ಯ ಭಾಷೆಯನ್ನು ಒಪ್ಪಿಕೊಂಡವು. ಅದರ ಹೆಸರು ಮಿಡಿ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುಟಾರೊ ಕಕೆಹಾಶಿ ಎಂಬ ವಾದ್ಯತಜ್ಞರ ಮುಂದಾಳುತನ ಅದಕ್ಕಿತ್ತು. ಈ ಭಾಷೆಯಲ್ಲಿ ಸಾಗುವುದು ಧ್ವನಿಯಲ್ಲ, ಕೇವಲ ಸಂಖ್ಯೆಗಳು. ಇಂಥ ಗುಂಡಿಯನ್ನು ಒತ್ತಲಾಯಿತು, ಇಂಥ ತಿರುಗುಗುಂಡಿ ಇಷ್ಟು ತಿರುಗಿತು ಎಂಬ ಸುದ್ದಿಯನ್ನು ಸಾಮಾನ್ಯವಾಗಿ 0ಯಿಂದ 127ರವರೆಗಿನ ಒಂದು ಅಂಕಿಯಾಗಿ ಅದು ಕಳುಹಿಸುತ್ತದೆ. ಇಂದಿನ ಕಂಟ್ರೋಲರುಗಳಲ್ಲಿ ಬಹುಪಾಲು ಈ ಭಾಷೆಯನ್ನೇ ಆಡುತ್ತವೆ. ಹಾಡು ಇರುವುದು ಕಂಪ್ಯೂಟರಿನಲ್ಲಿ. ಅದನ್ನು ನುಡಿಸುವುದು ಅದರೊಳಗಿನ ತಂತ್ರಾಂಶ. ಕೈಯ ಚಲನೆಯನ್ನು ಆ ತಂತ್ರಾಂಶಕ್ಕೆ ತಿಳಿಸುವುದಷ್ಟೇ ಕಂಟ್ರೋಲರಿನ ಮುಖ್ಯ ಕೆಲಸ. ಗಾಡಿಯನ್ನು ಎಳೆಯುವುದು ಎತ್ತು; ಹಗ್ಗ ಅದಕ್ಕೆ ದಾರಿ ತೋರಿಸುತ್ತದೆ. ಕಂಟ್ರೋಲರ್ ಆ ಹಗ್ಗವಿದ್ದಂತೆ. ಹಗ್ಗ ರೇಷ್ಮೆಯದಾದ ಮಾತ್ರಕ್ಕೆ ಎತ್ತು ಹೆಚ್ಚು ಭಾರವನ್ನು ಎಳೆಯಲಾರದು. ದುಬಾರಿ ಕಂಟ್ರೋಲರಿನಿಂದ ಹಾಡು ತಾನಾಗಿ ಹೆಚ್ಚು ಇಂಪಾಗುವುದಿಲ್ಲ ಎಂಬುದನ್ನು ಕೊಳ್ಳುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಪೆಟ್ಟಿಗೆಯ ಅಂಗಗಳನ್ನು ಒಂದೊಂದಾಗಿ ನೋಡಬಹುದು. ಎಡಬಲಗಳಲ್ಲಿರುವ ಎರಡು ಚಕ್ರಗಳು ಹಳೆಯ ತಟ್ಟೆಗಳ ಪ್ರತಿನಿಧಿಗಳು. ತಟ್ಟೆಯು ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುತ್ತಿತ್ತು. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ನಿಮಿಷಕ್ಕೆ ನೂರು ಬಡಿತಗಳಿರುವ ಹಾಡಿನಲ್ಲಿ ಒಂದು ಬಡಿತಕ್ಕೆ 0.6 ಸೆಕೆಂಡು ಹಿಡಿಯುವುದರಿಂದ, ತಟ್ಟೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಿಯಾಗಿ ಮೂರು ಬಡಿತಗಳು ಕೇಳಿಬರುತ್ತವೆ. ಸಣ್ಣ ಕಂಟ್ರೋಲರುಗಳ ಚಕ್ರ ತಾನಾಗಿ ತಿರುಗದು. ಆದರೆ ಅದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಹಾಡು ಕ್ಷಣಕಾಲ ಮುಂದಾಗುತ್ತದೆ, ಹಿಂದಕ್ಕೆ ಎಳೆದರೆ ಹಿಂದಾಗುತ್ತದೆ.

ಚಕ್ರದ ಬದಿಯಲ್ಲಿ ಉದ್ದಕ್ಕೆ ಸರಿಯುವ ಒಂದು ಪಟ್ಟಿ ಇರುತ್ತದೆ. ಇದು ವೇಗದ ಪಟ್ಟಿ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಹಾಡಿನ ಕಾಲಪ್ರಮಾಣವನ್ನು ಏರಿಸುವ ಇಳಿಸುವ ಸಾಧನ. ನಿಮಿಷಕ್ಕೆ 120 ಬಡಿತಗಳ ಕನ್ನಡ ಹಾಡು ಮುಗಿಯುತ್ತಿರುವಾಗ 126 ಬಡಿತಗಳ ತೆಲುಗು ಹಾಡನ್ನು ಅದಕ್ಕೆ ಹೆಣೆಯಬೇಕಾಗಿದೆ ಎಂದು ಭಾವಿಸೋಣ. ಆಂಧ್ರದ ಗಡಿಗೆ ಹತ್ತಿಕೊಂಡಿರುವ ಮುಳಬಾಗಿಲಿನ ಮದುವೆಮನೆಯಲ್ಲಿ ಇದು ಅಪರೂಪದ ಸಂಗತಿಯಲ್ಲ. 120ಕ್ಕೆ 6 ಕೂಡಬೇಕು. ಅದು 120ರ ಶೇಕಡ 5 ಭಾಗ. ಮೊದಲ ಹಾಡನ್ನು ಶೇಕಡ 5ರಷ್ಟು ವೇಗಗೊಳಿಸಿದರೆ ಎರಡರ ಬಡಿತಗಳೂ ಸಮನಾಗುತ್ತವೆ. ಬಡಿತಗಳ ಸಂಖ್ಯೆ ಸಮನಾದರೆ ಸಾಲದು; ಪೆಟ್ಟಿನ ಮೇಲೆ ಪೆಟ್ಟು ಸರಿಯಾಗಿ ಬೀಳಬೇಕು. ಅದಕ್ಕಾಗಿ ಚಕ್ರವನ್ನು ತುಸು ತಳ್ಳಬೇಕು. ಇವೆರಡೂ ಕೂಡಿದಾಗ ಒಂದು ಹಾಡು ಮುಗಿದದ್ದೂ ಇನ್ನೊಂದು ಬಂದದ್ದೂ ಕುಣಿಯುವ ಕಾಲಿಗೆ ತಿಳಿಯುವುದಿಲ್ಲ.

ಪೆಟ್ಟಿಗೆಯ ನಡುಭಾಗ ಮಿಕ್ಸರಿನ ಸ್ಥಾನ. ಅಲ್ಲಿ ಪ್ರತಿಯೊಂದು ಹಾಡಿನ ಧ್ವನಿಯನ್ನು ಏರಿಸಿ ಇಳಿಸುವ ಒಂದೊಂದು ಪಟ್ಟಿಯೂ, ಒಂದು ಹಾಡಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ಸಾಗುವ ಮತ್ತೊಂದು ಪಟ್ಟಿಯೂ ಇರುತ್ತವೆ. ಇವುಗಳ ಮೇಲ್ಗಡೆ ತಾರ, ಮಧ್ಯ, ಮಂದ್ರ ಧ್ವನಿಗಳನ್ನು ಬೇರೆಬೇರೆಯಾಗಿ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಗಳುಂಟು. ಎರಡು ಹಾಡುಗಳು ಏಕಕಾಲಕ್ಕೆ ನುಡಿಯುವಾಗ ಎರಡರ ಮಂದ್ರ ಧ್ವನಿಗಳೂ ಸೇರಿದರೆ ಒಂದು ಬಗೆಯ ಗದ್ದಲವೇಳುತ್ತದೆ. ಒಂದರ ಮಂದ್ರವನ್ನು ತಗ್ಗಿಸಿ, ಇನ್ನೊಂದರ ಮಂದ್ರಕ್ಕೆ ಎಡೆಕೊಡುವುದು ಈ ಕಲೆಯ ಮುಖ್ಯ ಮರ್ಯಾದೆ.

ಇಷ್ಟು ತಿಳಿದ ಮೇಲೆ ಆಯ್ಕೆಯ ಮಾತು ಸುಲಭವಾಗುತ್ತದೆ. ಕಲಿಯುವವರಿಗೆ ಬೇಕಾದ ಗುಣಗಳಲ್ಲಿ ಮೊದಲನೆಯದು, ಮುಂದಿನ ಹಾಡನ್ನು ಗುಟ್ಟಾಗಿ ಕೇಳಿಸಿಕೊಳ್ಳುವ ಅನುಕೂಲ. ಅಡುಗೆಯವರು ಪಂಕ್ತಿಗೆ ಬಡಿಸುವ ಮುನ್ನ ಸಾರಿನ ಉಪ್ಪು ನೋಡುವಂತೆ, ಡಿ.ಜೆ. ಮುಂದಿನ ಹಾಡನ್ನು ಜನರಿಗೆ ಕೇಳಿಸುವ ಮುನ್ನ ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ಹದಗೊಳಿಸಬೇಕು. ಇದಕ್ಕೆ ಧ್ವನಿಯು ಕಂಪ್ಯೂಟರಿನಿಂದ ಎರಡು ಬೇರೆ ದಾರಿಗಳಲ್ಲಿ ಹೊರಬರಬೇಕು: ಒಂದು ಸಭೆಗೆ, ಇನ್ನೊಂದು ಕಿವಿಗೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಒಂದೇ ದಾರಿ ಇರುತ್ತದೆ. ಎರಡನೆಯ ದಾರಿಯನ್ನು ಒದಗಿಸುವ ಭಾಗಕ್ಕೆ ಸೌಂಡ್ ಕಾರ್ಡ್ ಎಂದು ಹೆಸರು. ಅದು ಕಂಟ್ರೋಲರಿನ ಒಳಗೇ ಅಡಕವಾಗಿದೆಯೇ ಎಂಬುದು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ಪಯೊನಿಯರ್ ಡಿ.ಜೆ. ಹೆಸರಿನಲ್ಲಿ 2019ರಲ್ಲಿ ಬಂದ ಡಿಡಿಜೆ-200 ಎಂಬ ಅಗ್ಗದ ಕಂಟ್ರೋಲರಿನಲ್ಲಿ ಈ ಭಾಗವಿಲ್ಲ. ಧ್ವನಿಯನ್ನು ಸೀಳುವ ವಿಶೇಷ ತಂತಿಯೊಂದರ ನೆರವಿನಿಂದ ಅದರಲ್ಲಿ ಕೆಲಸ ಸಾಗಿಸಬೇಕು. ಅದಕ್ಕೆ ಸಮೀಪದ ಅಂತಸ್ತಿನ ಹರ್ಕ್ಯುಲಿಸ್ ಇನ್‌ಪಲ್ಸ್ 200ರಲ್ಲಿ ಸೌಂಡ್ ಕಾರ್ಡ್ ಒಳಗೇ ಇದೆ. ಹೊರನೋಟಕ್ಕೆ ಎರಡೂ ಒಂದೇ ಬಗೆಯವಾಗಿ ಕಂಡರೂ ಕಲಿಯುವವರ ದೃಷ್ಟಿಯಿಂದ ಇದು ದೊಡ್ಡ ಅಂತರ.

ಎರಡನೆಯದಾಗಿ ನೋಡಬೇಕಾದದ್ದು ವೇಗದ ಪಟ್ಟಿಯ ಉದ್ದ ಮತ್ತು ಸೂಕ್ಷ್ಮತೆ. ಕೇವಲ 128 ಮೆಟ್ಟಿಲುಗಳಿರುವ ಪಟ್ಟಿಯೊಂದು ಹಾಡಿನ ವೇಗವನ್ನು ಶೇಕಡ 8ರಷ್ಟು ಮೇಲಕ್ಕೂ 8ರಷ್ಟು ಕೆಳಕ್ಕೂ ಒಯ್ಯುತ್ತದೆ ಎಂದುಕೊಳ್ಳೋಣ. ಒಟ್ಟು ಹರಹು ಶೇಕಡ 16. ಅದನ್ನು ಮೆಟ್ಟಿಲುಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಶೇಕಡ ಎಂಟನೆಯ ಒಂದು ಭಾಗ ಬರುತ್ತದೆ. 120 ಬಡಿತಗಳ ಹಾಡಿನಲ್ಲಿ ಅದು ನಿಮಿಷಕ್ಕೆ 0.15 ಬಡಿತ. ಇಷ್ಟು ಅಲ್ಪ ಅಂತರವೇನು ಮಹಾ ಎನ್ನಿಸಬಹುದು. ಆದರೆ ಮೂರು ನಿಮಿಷ ಕಳೆಯುವಷ್ಟರಲ್ಲಿ ಎರಡು ಹಾಡುಗಳು ಹೆಚ್ಚುಕಡಿಮೆ ಅರ್ಧ ಬಡಿತದಷ್ಟು ದೂರ ಸರಿದು, ತಾಳ ಮುರಿದುಬೀಳುತ್ತದೆ. ಎರಡು ಅಂಕಿಗಳನ್ನು ಜೊತೆಗೂಡಿಸಿ ಸುದ್ದಿ ಕಳುಹಿಸುವ ಪಟ್ಟಿಗಳಲ್ಲಿ 16,384 ಮೆಟ್ಟಿಲುಗಳಿಗೆ ಅವಕಾಶ ಉಂಟು. ಅಲ್ಲಿ ಈ ತೊಡಕು ಇಲ್ಲ. ಪಟ್ಟಿ ತೀರ ಮೊಟಕಾಗಿದ್ದರೂ ಬೆರಳಿಗೆ ಹದ ಸಿಕ್ಕದು. ನ್ಯೂಮಾರ್ಕ್ ಡಿಜೆ2ಗೋ2 ಟಚ್ ಎಂಬ ಪುಟ್ಟ ಕಂಟ್ರೋಲರ್ ಶಾಲೆಯ ಚೀಲದಲ್ಲಿ ಹಿಡಿಸುವಷ್ಟು ಹಗುರ. ಅದರಲ್ಲಿ ಸೌಂಡ್ ಕಾರ್ಡೂ ಇದೆ. ಆದರೆ ಅದರ ವೇಗದ ಪಟ್ಟಿ ಬಹಳ ಗಿಡ್ಡ. ಪ್ರಯಾಣಕ್ಕೆ ಅನುಕೂಲವಾದುದೆಲ್ಲ ಅಭ್ಯಾಸಕ್ಕೂ ಅನುಕೂಲವಾಗಬೇಕೆಂಬ ನಿಯಮವಿಲ್ಲ.

ಮೂರನೆಯ ವಿಚಾರ ತಂತ್ರಾಂಶದ್ದು. ಅನೇಕ ಕಂಟ್ರೋಲರುಗಳ ಜೊತೆಗೆ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತಾರೆ. ಅದು ಪೂರ್ಣ ರೂಪವೋ ಮೊಟಕುಗೊಳಿಸಿದ ರೂಪವೋ ಎಂಬುದನ್ನು ವಿಚಾರಿಸಬೇಕು. ಮೊಟಕು ರೂಪದಲ್ಲಿ ಕಲಿತು, ಮುಂದೆ ಪೂರ್ಣ ರೂಪಕ್ಕೆ ಬೇರೆ ಹಣ ತೆರಬೇಕಾದಾಗ ಅಗ್ಗದ ಯಂತ್ರ ದುಬಾರಿಯಾಗುತ್ತದೆ. ಮಿಕ್ಸ್ ಎಂಬ ಹೆಸರಿನ ಒಂದು ತಂತ್ರಾಂಶವನ್ನು ಹಲವು ದೇಶಗಳ ಆಸಕ್ತರು ಸೇರಿ ರೂಪಿಸಿ ಯಾರಿಗಾದರೂ ಉಚಿತವಾಗಿ ದೊರೆಯುವಂತೆ ಇಟ್ಟಿದ್ದಾರೆ. ಬೇರೆಬೇರೆ ಕಂಪನಿಗಳ ಹಲವಾರು ಕಂಟ್ರೋಲರುಗಳೊಂದಿಗೆ ಅದು ಹೊಂದಿಕೊಳ್ಳುತ್ತದೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಆಯ್ದ ತಂತ್ರಾಂಶ ಓಡುವುದೇ ಎಂಬುದನ್ನು ಕಂಟ್ರೋಲರ್ ಕೊಳ್ಳುವುದಕ್ಕೆ ಮೊದಲೇ ಪರೀಕ್ಷಿಸಬೇಕು, ಕೊಂಡ ಮೇಲಲ್ಲ.

ಹೊಳೆಯುವ ಬಣ್ಣದ ದೀಪಗಳು, ಸಾಲುಸಾಲಾದ ಚೌಕಗುಂಡಿಗಳು, ನಾಲ್ಕು ಹಾಡುಗಳನ್ನು ಒಟ್ಟಿಗೆ ನಡೆಸುವ ಸೌಕರ್ಯ ಇವೆಲ್ಲ ನಂತರದ ಮಾತುಗಳು. ಎರಡು ಹಾಡುಗಳನ್ನು ಜಗಳವಿಲ್ಲದೆ ಕೂಡಿಸಲು ಬಾರದವರಿಗೆ ನಾಲ್ಕು ಹಾಡುಗಳು ನಾಲ್ಕು ಜಗಳಗಳೇ ಸರಿ. ಅದಕ್ಕಿಂತ ಉಪಯುಕ್ತವಾದ ಗುಣವೆಂದರೆ ಯು.ಎಸ್.ಬಿ. ತಂತಿಯೊಂದರಿಂದಲೇ ಕಂಟ್ರೋಲರಿಗೆ ವಿದ್ಯುತ್ತು ದೊರೆಯುವುದು. ಕರೆಂಟು ಹೋದಾಗಲೂ ಲ್ಯಾಪ್‌ಟಾಪಿನ ಬ್ಯಾಟರಿಯ ಬಲದಿಂದ ಅಭ್ಯಾಸ ಮುಂದುವರಿಯುತ್ತದೆ. ಹಳ್ಳಿಯಲ್ಲಿ ಕಲಿಯುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿರುತ್ತದೆ.

ಹೊಸದನ್ನೇ ಕೊಳ್ಳಬೇಕೆಂಬ ಕಟ್ಟುಪಾಡೇನೂ ಇಲ್ಲ. 2018ರಲ್ಲಿ ಬಂದ ಡಿಡಿಜೆ-400 ಎಂಬ ಕಂಟ್ರೋಲರ್ ಕಲಿಯುವವರಲ್ಲಿ ಹೆಸರು ಪಡೆದಿತ್ತು. ಅದರ ಸ್ಥಾನಕ್ಕೆ ಡಿಡಿಜೆ-ಎಫ್‌ಎಲ್‌ಎಕ್ಸ್4 ಎಂಬುದು ಬಂದ ಮೇಲೆ ಹಳೆಯವು ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಬಳಸಿದ ಕಂಟ್ರೋಲರನ್ನು ಕೊಳ್ಳುವವರು ಸಂತೆಯಲ್ಲಿ ಎತ್ತನ್ನು ಪರೀಕ್ಷಿಸುವ ರೈತನಂತೆ ನಿಧಾನವಾಗಿ ನೋಡಬೇಕು. ಚಕ್ರಗಳನ್ನು ಎರಡೂ ದಿಕ್ಕಿಗೆ ತಿರುಗಿಸಿ ನೋಡಬೇಕು. ಪಟ್ಟಿಗಳನ್ನು ಸರಿಸುವಾಗ ಕರಕರ ಸದ್ದು ಬಂದರೆ ಒಳಗೆ ಧೂಳು ಸೇರಿದೆ ಅಥವಾ ಪಟ್ಟಿ ಸವೆದಿದೆ ಎಂದು ಅರ್ಥ. ಹೆಡ್‌ಫೋನಿನ ಎರಡೂ ಕಿವಿಗಳಲ್ಲಿ ಧ್ವನಿ ಕೇಳಬೇಕು, ಯು.ಎಸ್.ಬಿ. ತಂತಿಯನ್ನು ಸಿಕ್ಕಿಸಿದ ಜಾಗದಲ್ಲಿ ಅಲುಗಾಟ ಇರಬಾರದು. ಸ್ವಂತ ಕಂಪ್ಯೂಟರನ್ನು ಜೊತೆಗೆ ಒಯ್ದು ಜೋಡಿಸಿ ನೋಡುವುದು ಎಲ್ಲಕ್ಕಿಂತ ಮೇಲು. ಮಾಲೂರಿನಿಂದ ರೈಲು ಹತ್ತಿದರೂ, ಮುಳಬಾಗಿಲಿನಿಂದ ಬಸ್ಸು ಹಿಡಿದರೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ವಿದ್ಯುನ್ಮಾನ ಸಾಮಗ್ರಿಗಳ ಪೇಟೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಹಾಗೆ ಹೋದವರು ನೋಡಿದ ಮೊದಲ ಅಂಗಡಿಯಲ್ಲೇ ಹಣ ಎಣಿಸದೆ, ನಾಲ್ಕು ಕಡೆ ಕೈಯಾಡಿಸಿ ನೋಡಿ ಬರುವುದು ಲೇಸು.

ಇನ್ನು ಹಣದ ಲೆಕ್ಕ. ಮಾವಿನ ಸುಗ್ಗಿ ಮುಗಿದ ಮೇಲೆ ತಂದೆತಾಯಿಗಳು ಮಗನ ಆಸೆಗೆಂದು ಇಪ್ಪತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದಾರೆ ಎಂದು ಊಹಿಸಿಕೊಳ್ಳಬಹುದು. ಅಷ್ಟನ್ನೂ ಕಂಟ್ರೋಲರಿಗೆ ಸುರಿದರೆ ಹೆಡ್‌ಫೋನಿಗೆ ಏನೂ ಉಳಿಯದು. ಹೊರಗಿನ ಸದ್ದನ್ನು ತಡೆದು ಒಳಗಿನ ತಾಳವನ್ನು ಸ್ಪಷ್ಟವಾಗಿ ಕೇಳಿಸುವ ಹೆಡ್‌ಫೋನಿಲ್ಲದೆ ಕಲಿಕೆ ಒಂದು ಹೆಜ್ಜೆಯೂ ಮುಂದೆ ಹೋಗದು. ತಂತಿಗಳಿಗೆ, ಧೂಳು ತಡೆಯುವ ಮುಚ್ಚಳಕ್ಕೆ, ಮುಂದೊಂದು ದಿನದ ದುರಸ್ತಿಗೆ ಸ್ವಲ್ಪವಾದರೂ ಮಿಗಿಸಬೇಕು. ದೊಡ್ಡ ಧ್ವನಿಪೆಟ್ಟಿಗೆಗಳನ್ನು ಕೊಳ್ಳುವ ಯೋಚನೆ ಆರಂಭದಲ್ಲಿ ಬೇಡವೇ ಬೇಡ. ಅವು ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಅಂಗಡಿಗಳಲ್ಲಿ ಬಾಡಿಗೆಗೆ ದೊರೆಯುತ್ತವೆ. ಸಾಲ ಮಾಡಿ ದುಬಾರಿ ಯಂತ್ರ ತಂದವನು ಕಲಿಯುವ ಮೊದಲೇ ಸಂಪಾದಿಸಬೇಕಾದ ಒತ್ತಡಕ್ಕೆ ಸಿಕ್ಕುತ್ತಾನೆ. ಕಲಿಕೆ ಮಾಗದೆ ಮದುವೆಯ ಮನೆಗೆ ಹೋಗಿ, ತಾಳ ತಪ್ಪಿ, ಕೊಟ್ಟ ಮುಂಗಡವನ್ನೂ ಒಳ್ಳೆಯ ಹೆಸರನ್ನೂ ಕಳೆದುಕೊಳ್ಳುತ್ತಾನೆ.

ಹಣ ಕೂಡುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಉಚಿತ ತಂತ್ರಾಂಶವನ್ನು ಕಂಪ್ಯೂಟರಿನ ಕೀಲಿಮಣೆಯಿಂದಲೇ ನಡೆಸಿ ಹಾಡುಗಳ ರಚನೆಯನ್ನು ಅಭ್ಯಾಸ ಮಾಡಬಹುದು. ಗಡಿಯಾರವನ್ನು ಎದುರಿಗಿಟ್ಟು, ಒಂದು ಹಾಡಿನ ಬಡಿತಗಳನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಅದರ ವೇಗ ತಿಳಿಯುತ್ತದೆ. ನಾಲ್ಕು ನಾಲ್ಕು ಬಡಿತಗಳ ಗುಂಪು ಎಲ್ಲಿ ಆರಂಭವಾಗುತ್ತದೆ, ಪಲ್ಲವಿ ಎಲ್ಲಿ ಮರಳುತ್ತದೆ, ಹಾಡುಗಾರರ ದನಿ ನಿಂತು ವಾದ್ಯ ಮಾತ್ರ ಉಳಿಯುವ ಎಡೆ ಯಾವುದು ಎಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬಹುದು. ಒಂದು ತಿಂಗಳ ಕಾಲ ಈ ಕೆಲಸವನ್ನು ಬೇಸರಿಸದೆ ಮಾಡಿದವರಿಗೆ ತಮಗೆ ಈ ವಿದ್ಯೆ ನಿಜವಾಗಿಯೂ ಬೇಕೋ, ಅಥವಾ ಟ್ರಾಕ್ಟರಿನ ಮೇಲಿನ ದೀಪಗಳ ಬೆಡಗು ಮಾತ್ರ ಬೇಕಾಗಿತ್ತೋ ಎಂಬುದು ತಾನಾಗಿ ತಿಳಿಯುತ್ತದೆ.

ಕಂಟ್ರೋಲರುಗಳಲ್ಲಿ ಸಿಂಕ್ ಎಂಬ ಹೆಸರಿನ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಎರಡು ಹಾಡುಗಳ ತಾಳವನ್ನು ತಂತ್ರಾಂಶವೇ ಹೊಂದಿಸಿಬಿಡುತ್ತದೆ. ಅದು ತಪ್ಪೇನೂ ಅಲ್ಲ. ನುರಿತವರೂ ಅದನ್ನು ಬಳಸುವುದುಂಟು. ಆದರೆ ಯಂತ್ರ ಬಡಿತಗಳನ್ನು ಎಣಿಸುವುದು ಒಂದು ಲೆಕ್ಕಾಚಾರದಿಂದ. ಆರಂಭದಿಂದ ಕೊನೆಯವರೆಗೆ ವೇಗ ಬದಲಾಗದ ಚಿತ್ರಗೀತೆಯಲ್ಲಿ ಆ ಲೆಕ್ಕ ಬಹುಮಟ್ಟಿಗೆ ಸರಿಯಾಗುತ್ತದೆ. ತಮಟೆಯ ಧ್ವನಿಮುದ್ರಣದಲ್ಲಿಯೋ, ಹಳೆಯ ಜನಪದ ಗೀತೆಯಲ್ಲಿಯೋ ವಾದಕರ ಉತ್ಸಾಹದೊಂದಿಗೆ ವೇಗವೂ ಏರುತ್ತ ಇಳಿಯುತ್ತ ಸಾಗುವುದರಿಂದ ಯಂತ್ರ ಅಲ್ಲಿ ಎಡವುತ್ತದೆ. ಎಡವಿದ ಯಂತ್ರವನ್ನು ಕೈಹಿಡಿದು ನಿಲ್ಲಿಸುವುದು ಪಳಗಿದ ಕಿವಿಯಿಂದ ಮಾತ್ರ ಸಾಧ್ಯ. ಆದುದರಿಂದ ಆರಂಭದ ಕೆಲವು ತಿಂಗಳು ಆ ಗುಂಡಿಯನ್ನು ಮುಟ್ಟದಿರುವ ನೇಮವನ್ನು ಕಲಿಯುವವರು ತಾವೇ ಹಾಕಿಕೊಳ್ಳಬೇಕು. ಗುಣಾಕಾರದ ಮಗ್ಗಿ ಬಾರದವನ ಕೈಗೆ ಲೆಕ್ಕದ ಯಂತ್ರ ಕೊಟ್ಟರೆ, ಉತ್ತರ ತಪ್ಪಿದಾಗ ತಪ್ಪೆಂದು ತಿಳಿಯುವ ಶಕ್ತಿಯೂ ಅವನಲ್ಲಿ ಇರುವುದಿಲ್ಲ.

ಕಿವಿ ಇಷ್ಟು ಅಮೂಲ್ಯವಾದ ಮೇಲೆ ಅದರ ರಕ್ಷಣೆಯೂ ಈ ವಿದ್ಯೆಯ ಭಾಗವೇ ಆಗಿದೆ. ಧ್ವನಿಯ ತೀವ್ರತೆಯನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ವೃತ್ತಿ ಆರೋಗ್ಯದ ತಜ್ಞರು ಒಪ್ಪಿರುವ ಒಂದು ಲೆಕ್ಕದಂತೆ 85 ಡೆಸಿಬಲ್ ಧ್ವನಿಯಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬಲ್ ಧ್ವನಿಯನ್ನು ಕಿವಿ ತಾಳಬಹುದಾದ ಹೊತ್ತು ಹದಿನೈದೇ ನಿಮಿಷ. ಧ್ವನಿಪೆಟ್ಟಿಗೆಗಳ ಗೋಡೆಯ ಬಳಿ ರಾತ್ರಿಯೆಲ್ಲ ನಿಲ್ಲುವ ತರುಣ ತನ್ನ ಬಂಡವಾಳವನ್ನೇ ಕರಗಿಸಿಕೊಳ್ಳುತ್ತಾನೆ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ಕಿವಿಗೆ ಇಡುವ ರಕ್ಷಕ ಬಿರಡೆಗಳ ಬೆಲೆ ಕಂಟ್ರೋಲರಿನ ಬೆಲೆಯ ಮುಂದೆ ಏನೇನೂ ಅಲ್ಲ.

ನೆರೆಹೊರೆಯವರ ಕಿವಿಗಳ ಹೊಣೆಯೂ ಅವನದೇ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳಗಳಲ್ಲಿ ಧ್ವನಿವರ್ಧಕಗಳನ್ನು ಬಳಸುವಂತಿಲ್ಲ. ಹಬ್ಬಹುಣ್ಣಿಮೆಗಳಿಗಾಗಿ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ, ಮಧ್ಯರಾತ್ರಿಯವರೆಗೆ ಮಾತ್ರ ಸರ್ಕಾರ ಸಡಿಲಿಕೆ ಕೊಡಬಹುದು. ಜನವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಎಂದು ಆ ನಿಯಮಗಳು ಹೇಳುತ್ತವೆ. ಹಸುಗೂಸು, ಹೃದಯರೋಗಿ, ಪರೀಕ್ಷೆಗೆ ಓದುವ ವಿದ್ಯಾರ್ಥಿ ಇವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಯಾವಾಗ ನಿಲ್ಲಿಸಬೇಕೆಂದು ಬಲ್ಲವನೇ ಒಳ್ಳೆಯ ವಾದಕ.

ಈ ಹೊಸ ವಾದ್ಯ ಬಂದುದರಿಂದ ಹಳೆಯ ವಾದಕರ ಗತಿಯೇನು ಎಂಬ ಪ್ರಶ್ನೆಯನ್ನೂ ಬದಿಗಿಡಲಾಗದು. ಡಿ.ಜೆ.ಯನ್ನು ಕರೆಸಿದ ಮೆರವಣಿಗೆಯಲ್ಲಿ ತಮಟೆಯ ತಂಡಕ್ಕೆ ಕರೆ ತಪ್ಪಿದರೆ, ತಲೆಮಾರುಗಳಿಂದ ಅವಮಾನವನ್ನೂ ನುಂಗಿ ಆ ಕಲೆಯನ್ನು ಉಳಿಸಿಕೊಂಡು ಬಂದ ಮನೆಗಳ ಅನ್ನಕ್ಕೆ ಕುತ್ತು ಬರುತ್ತದೆ. ಅದೇ ಕಲೆಗೆ ನಾಡಿನ ಮನ್ನಣೆ ದೊರೆತಿರುವುದೂ ನಿಜ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರ ನಡೆಸಿಕೊಂಡು ಬಂದ ಹುಣ್ಣಿಮೆ ಹಾಡು ಕಾರ್ಯಕ್ರಮದಲ್ಲಿ ಬೆಳದಿಂಗಳ ಕೆಳಗೆ ಇಂಥ ಕಲೆಗಳಿಗೆ ಕಿವಿಗೊಡುವ ಜನ ಸೇರಿದ್ದಾರೆ. ಕಂಟ್ರೋಲರ್ ಹಿಡಿದ ತರುಣ ಈ ಕಲಾವಿದರನ್ನು ಎದುರಾಳಿಗಳೆಂದು ಭಾವಿಸದೆ ಗುರುಗಳೆಂದು ಭಾವಿಸಿದರೆ ಇಬ್ಬರಿಗೂ ಲಾಭವುಂಟು. ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು ತಮಟೆಯ ಪೆಟ್ಟುಗಳನ್ನು ಮುದ್ರಿಸಿಕೊಂಡು ಚೌಕಗುಂಡಿಗಳಿಗೆ ಜೋಡಿಸಬಹುದು. ಅದಕ್ಕಿಂತಲೂ ಮಿಗಿಲಾಗಿ, ಮೆರವಣಿಗೆಯ ಒಂದು ಘಟ್ಟದಲ್ಲಿ ತನ್ನ ಧ್ವನಿಯನ್ನು ತಗ್ಗಿಸಿ ಅವರ ತಂಡಕ್ಕೆ ಬೀದಿಯನ್ನು ಬಿಟ್ಟುಕೊಡಬಹುದು.

ತಮಟೆಯ ಕಲಾವಿದರು ಮೇಳಕ್ಕೆ ನಿಲ್ಲುವ ಮುನ್ನ ಹುಲ್ಲೋ ಸೌದೆಯೋ ಉರಿಸಿ ವಾದ್ಯದ ಚರ್ಮವನ್ನು ಕಾಯಿಸುತ್ತಾರೆ. ನಡುನಡುವೆ ಬೆರಳಿನಿಂದ ಒಮ್ಮೆ ತಟ್ಟಿ, ತಲೆ ವಾಲಿಸಿ ಆಲಿಸುತ್ತಾರೆ. ನಾದ ಹದಕ್ಕೆ ಬಂದಿಲ್ಲವೆನಿಸಿದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಆ ವಾದ್ಯದ ಮೇಲೆ ಬೆಲೆಯ ಚೀಟಿಯಿಲ್ಲ, ಬಣ್ಣದ ದೀಪಗಳಿಲ್ಲ. ಅದು ಹದಕ್ಕೆ ಬಂದಿತೆಂದು ಹೇಳುವುದು ಕಿವಿಯೊಂದೇ. ಪೇಟೆಯ ಅಂಗಡಿಯಲ್ಲಿ ಕಂಟ್ರೋಲರುಗಳ ಸಾಲಿನ ಮುಂದೆ ನಿಲ್ಲುವ ಹುಡುಗನಾಗಲಿ ಹುಡುಗಿಯಾಗಲಿ ಆ ಚಿತ್ರವನ್ನು ನೆನಪಿಗೆ ತಂದುಕೊಂಡು, ಮೊದಲು ಹೆಡ್‌ಫೋನನ್ನು ಕಿವಿಗಿಟ್ಟು ಆಲಿಸಿ, ಆಮೇಲೆ ಬೆಲೆ ಕೇಳಿದರೆ ಮನೆಯ ದುಡ್ಡು ವ್ಯರ್ಥವಾಗದು.